ಗಾಳದ ಗರಿನೊಣ: ಸಾಮಗ್ರಿ ಆರಿಸುವ ಬಗೆ

ಮನೆಯಲ್ಲಿ ಕೋಳಿ ಕೊಯ್ದ ದಿನ ಗರಿಯೆಲ್ಲ ತಿಪ್ಪೆಗೆ ಹೋಗುತ್ತದೆ. ಕುರಿಯ ಉಣ್ಣೆ ಕತ್ತರಿಸಿದ ಮೇಲೆ ಚೂರುಪಾರು ಗಾಳಿಗೆ ಹಾರುತ್ತದೆ. ಹರಿದ ಸೀರೆಯ ಜರಿ ಪೆಟ್ಟಿಗೆಯ ಮೂಲೆಯಲ್ಲಿ ಕಪ್ಪಾಗುತ್ತದೆ. ಈ ಮೂರೂ ಒಂದು ಚಿಕ್ಕ ಕೊಕ್ಕೆಯ ಮೇಲೆ ಕೂಡಿದರೆ ಮೀನು ಹಿಡಿಯುವ ಸಾಧನವಾಗುತ್ತದೆ ಎಂದರೆ ವಾಚಕರಲ್ಲಿ ಕೆಲವರು ನಗಬಹುದು. ನೀಲಗಿರಿಯ ಮೇಲಣ ಹಳ್ಳಿಗಳವರು ಮಾತ್ರ ನಗಲಾರರು. ಅಲ್ಲಿಯ ತಣ್ಣೀರಿನ ಹೊಳೆಗಳಲ್ಲಿ ಇಂಥ ಕೊಕ್ಕೆಗೆ ಮೀನು ಬೀಳುವುದನ್ನು ಅವರು ಕಣ್ಣಾರೆ ಕಂಡವರು.

ಆ ಕಡೆಯ ವಾಚಕರೊಬ್ಬರು ಈ ಪುಟಕ್ಕೆ ಒಂದು ಪ್ರಶ್ನೆ ಕಳುಹಿಸಿದ್ದಾರೆ. ಮೀನು ಹಿಡಿಯಲು ಬಂದ ಹೊರಗಿನವರೊಬ್ಬರು ಊರಿನ ಹುಡುಗರನ್ನು ಕರೆದು, ಕಾಡುಕೋಳಿ ಹುಂಜದ ಕೊರಳ ತೊಗಲನ್ನು ಗರಿಸಮೇತ ತಂದುಕೊಟ್ಟರೆ ಒಳ್ಳೆಯ ದುಡ್ಡು ಕೊಡುವೆನೆಂದರಂತೆ. ಕೊಡಬಹುದೇ? ಆ ಗರಿಗೆ ಬದಲಾಗಿ ಬೇರೇನಾದರೂ ಇದೆಯೇ? ಮೊದಲನೆಯ ಪ್ರಶ್ನೆಗೆ ನಮ್ಮ ಉತ್ತರ ಒಂದೇ ಮಾತು: ಕೂಡದು. ಎರಡನೆಯದಕ್ಕೆ ಉತ್ತರ ಸ್ವಲ್ಪ ಉದ್ದವಾದದ್ದು. ಇಂದಿನ ಪಾಠವೇ ಅದು.

ಗರಿನೊಣ ಎಂದರೇನು?

ಎರೆಹುಳು, ಹಿಟ್ಟಿನ ಉಂಡೆ ಕಟ್ಟಿ ಗಾಳ ಹಾಕುವುದು ನಮಗೆಲ್ಲ ಗೊತ್ತು. ಇಲ್ಲಿ ಹಾಗಲ್ಲ. ತಿನ್ನುವ ವಸ್ತು ಏನೂ ಇರುವುದಿಲ್ಲ. ಗರಿ, ಉಣ್ಣೆ, ಕೂದಲು, ದಾರ ಇವುಗಳನ್ನು ಕೊಕ್ಕೆಯ ಮೇಲೆ ಸುತ್ತಿ, ನೀರಿನ ಮೇಲೆ ಕೂರುವ ನೊಣವೋ ನೀರಿನೊಳಗೆ ಹರಿದಾಡುವ ಹುಳುವೋ ಎಂದು ಮೀನಿಗೆ ತೋರುವಂತೆ ಮಾಡುತ್ತಾರೆ. ಇದನ್ನು ನಾವು ಗರಿನೊಣ ಎಂದು ಕರೆಯೋಣ. ಗಾಳದವರು ಫ್ಲೈ ಎನ್ನುತ್ತಾರೆ.

ಇದು ಹೊಸ ವಿದ್ಯೆಯಲ್ಲ. ಸುಮಾರು 1,800 ವರ್ಷಗಳ ಹಿಂದೆ ರೋಮಿನ ಈಲಿಯನ್ ಎಂಬ ಗ್ರಂಥಕಾರನು ಮಾಸಿಡೋನಿಯ ದೇಶದ ಬೆಸ್ತರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಕೊರಳಿನ ಎರಡು ಗರಿ ಕಟ್ಟಿ ಮೀನು ಹಿಡಿಯುತ್ತಿದ್ದರೆಂದು ಬರೆದಿಟ್ಟಿದ್ದಾನೆ. ವಾಚಕರು ಗಮನಿಸಬೇಕು: ಅಂದಿನ ಸಾಮಗ್ರಿ ಕುರಿಯದು ಮತ್ತು ಕೋಳಿಯದು. ಎರಡೂ ಸಾಕು ಪ್ರಾಣಿಗಳೇ.

ನಮ್ಮ ಸೀಮೆಗೂ ಈ ವಿದ್ಯೆಗೂ ಹಳೆಯ ನಂಟಿದೆ. ಮದರಾಸು ಸರಕಾರದ ಅಧಿಕಾರಿಯಾಗಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಎಚ್. ಎಸ್. ಥಾಮಸ್ ಎಂಬವರು ಹಿಂದೂಸ್ಥಾನದ ಗಾಳದ ಬೇಟೆಯ ಮೇಲೆ ಒಂದು ದೊಡ್ಡ ಪುಸ್ತಕ ಬರೆದರು. 1873ರಲ್ಲಿ ಅದು ಅಚ್ಚಾಗಿ ಹೊರಬಂದದ್ದು ಮಂಗಳೂರಿನ ಬಾಸೆಲ್ ಮಿಷನ್ನಿನಿಂದ. ಆಗ ಕಾಸರಗೋಡೂ ಅದೇ ಜಿಲ್ಲೆಗೆ ಸೇರಿತ್ತು.

ನೀಲಗಿರಿಯಲ್ಲಿ ಈ ಗಾಳಕ್ಕೆ ಬೀಳುವ ಮುಖ್ಯ ಮೀನು ಟ್ರೌಟ್. ಇದು ನಮ್ಮ ನಾಡಿನದಲ್ಲ. ತಣ್ಣಗೆ, ತಿಳಿಯಾಗಿ ಹರಿಯುವ ನೀರು ಇಲ್ಲದೆ ಇದು ಬಾಳದು. ಹತ್ತೊಂಬತ್ತನೆಯ ಶತಮಾನದಲ್ಲೇ ಇದನ್ನು ತರುವ ಯತ್ನಗಳು ನಡೆದು ವಿಫಲವಾದವು. ಕಡೆಗೆ ಎಚ್. ಸಿ. ವಿಲ್ಸನ್ ಎಂಬವರ ಕಾಲದಲ್ಲಿ, 1907ರಲ್ಲಿ, ಅವಲಾಂಚಿಯಲ್ಲಿ ಮೀನುಮರಿ ಕೇಂದ್ರ ಏರ್ಪಟ್ಟಿತು. ಅಂದಿನಿಂದ ಕಾಮನಬಿಲ್ಲಿನ ಟ್ರೌಟ್ ಆ ಹೊಳೆಗಳಲ್ಲಿ ನೆಲೆ ನಿಂತಿತು. ಈ ಮೀನು ನೀರಿನ ಹುಳುಗಳನ್ನೂ ದಡದಿಂದ ಬಿದ್ದ ಇರುವೆ, ಜೀರುಂಡೆಗಳನ್ನೂ ತಿನ್ನುತ್ತದೆ. ಅದಕ್ಕೇ ಗರಿನೊಣಕ್ಕೆ ಮೋಸಹೋಗುತ್ತದೆ. ಹಿಡಿಯುವ ಮುನ್ನ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು, ಕಾಡಿನೊಳಗಿನ ನೀರಿಗೆ ಅರಣ್ಯ ಇಲಾಖೆಯ ಅಪ್ಪಣೆಯೂ ಬೇಕು, ಕೆಲವೆಡೆ ಪೂರ್ಣ ನಿಷೇಧವಿದೆ ಎಂಬುದನ್ನು ಮರೆಯಕೂಡದು.

ಮೊದಲ ಪಾಠ: ಬಟ್ಟಲು ನೀರು

ಗರಿನೊಣ ಎರಡು ಬಗೆ. ನೀರಿನ ಮೇಲೆ ತೇಲಬೇಕಾದದ್ದು ಒಂದು, ಅದು ಒಣನೊಣ. ನೀರಿನೊಳಗೆ ಇಳಿಯಬೇಕಾದದ್ದು ಇನ್ನೊಂದು, ಅದು ತೇವನೊಣ. ಹೊಸಬರು ಗರಿಯ ಅಂದಚಂದ ನೋಡಿ ಆರಿಸುತ್ತಾರೆ. ನಾವೂ ಮೊದಲು ಅದೇ ತಪ್ಪು ಮಾಡಿದೆವು. ಮಿರಿಮಿರಿ ಮಿಂಚುವ ಹುಂಜದ ಬಾಲದ ಗರಿಯಿಂದ ತೇಲುನೊಣ ಕಟ್ಟಿದೆವು. ನೀರಿಗೆ ಬಿಟ್ಟ ಕೂಡಲೆ ಅದು ಕಲ್ಲಿನಂತೆ ತಳ ಸೇರಿತು. ಗರಿ ಚೆನ್ನಾಗಿತ್ತು, ಕೆಲಸಕ್ಕೆ ತಕ್ಕದ್ದಾಗಿರಲಿಲ್ಲ.

ಆದುದರಿಂದ ಯಾವ ಸಾಮಗ್ರಿಯನ್ನೇ ಆಗಲಿ ಮೊದಲು ನೀರಿಗೆ ಹಾಕಿ ನೋಡಬೇಕು. ಅಗಲ ಬಾಯಿಯ ಒಂದು ಬಟ್ಟಲಿನಲ್ಲಿ ನೀರು ತೆಗೆದುಕೊಳ್ಳಿ. ಹುಂಜದ ಕೊರಳ ಗರಿ, ಹೇಂಟೆಯ ಗರಿ, ತೊಳೆದ ಉಣ್ಣೆ, ತೊಳೆಯದ ಉಣ್ಣೆ, ಹತ್ತಿ ದಾರ, ಗೊಬ್ಬರದ ಪ್ಲಾಸ್ಟಿಕ್ ಚೀಲದಿಂದ ಎಳೆದ ಎಳೆ, ಮೀನಿನ ಬಲೆಯ ನೈಲಾನ್ ಎಳೆ ಇವುಗಳ ಚಿಕ್ಕ ಚಿಕ್ಕ ತುಂಡುಗಳನ್ನು ಬೆರಳಿನಿಂದ ಒಮ್ಮೆ ಅದ್ದಿ ಬಿಡಿ. ಐದು ನಿಮಿಷ ಕಾದು ನೋಡಿ. ಹುಂಜದ ಗಡಸು ಗರಿ ಮೇಲೇ ನಿಂತಿರುತ್ತದೆ. ಹೇಂಟೆಯ ಗರಿ ನೆನೆದು ಜೋಲುತ್ತದೆ. ಹತ್ತಿ ನೀರು ಕುಡಿದು ಉಬ್ಬುತ್ತದೆ. ಚೀಲದ ಎಳೆ ಎಷ್ಟು ಅದ್ದಿದರೂ ಮೇಲಕ್ಕೆ ಬರುತ್ತದೆ, ಏಕೆಂದರೆ ಆ ಪ್ಲಾಸ್ಟಿಕ್ಕು ನೀರಿಗಿಂತ ಹಗುರ. ನೈಲಾನ್ ನೀರಿಗಿಂತ ಭಾರ, ಅದು ಇಳಿಯುತ್ತದೆ.

ಇಷ್ಟು ತಿಳಿದರೆ ಅರ್ಧ ವಿದ್ಯೆ ಬಂದಂತೆ. ತೇಲಬೇಕಾದ ನೊಣಕ್ಕೆ ನೀರು ಹಿಡಿಯದ, ಗಡಸಾದ ಸಾಮಗ್ರಿ. ಮುಳುಗಬೇಕಾದ ನೊಣಕ್ಕೆ ನೀರು ಹಿಡಿಯುವ, ಮೆತ್ತಗಿನ ಸಾಮಗ್ರಿ. ಮಿಕ್ಕಿದ್ದೆಲ್ಲ ಇದರ ವಿಸ್ತಾರ.

ಹುಂಜದ ಕೊರಳ ಗರಿ

ಒಣನೊಣದ ಜೀವ ಇರುವುದು ಇದರಲ್ಲಿ. ಗರಿಯನ್ನು ಕೊಕ್ಕೆಯ ಕೊರಳಿಗೆ ಸುತ್ತಿದಾಗ ಅದರ ಎಳೆಗಳು ಸುತ್ತಲೂ ಚಕ್ರದ ಅರಗಳಂತೆ ನಿಲ್ಲುತ್ತವೆ. ಆ ಎಳೆಗಳ ತುದಿಯೇ ನೊಣದ ಕಾಲು. ಆ ತುದಿಗಳ ಮೇಲೆಯೇ ಇಡೀ ನೊಣ ನೀರಿನ ಪೊರೆಯ ಮೇಲೆ ನಿಲ್ಲಬೇಕು. ಎಳೆ ಮೆತ್ತಗಿದ್ದರೆ ಬಗ್ಗುತ್ತದೆ, ಬಗ್ಗಿದರೆ ನೊಣ ಮುಳುಗುತ್ತದೆ.

ಗರಿಯನ್ನು ಪರೀಕ್ಷಿಸುವ ಕ್ರಮ ಹೀಗೆ:

ಒಂದು, ಗರಿಯ ಬುಡ ಮತ್ತು ತುದಿ ಹಿಡಿದು ಬಿಲ್ಲಿನಂತೆ ಬಗ್ಗಿಸಿ. ಎಳೆಗಳು ಒಂದೊಂದಾಗಿ ಬಿಡಿಬಿಡಿಯಾಗಿ ನೆಟ್ಟಗೆ ನಿಂತರೆ ಒಳ್ಳೆಯದು. ಒಂದಕ್ಕೊಂದು ಅಂಟಿಕೊಂಡು ಹಾಳೆಯಂತೆ ಬಾಗಿದರೆ ಅದು ತೇವನೊಣಕ್ಕೆ ಮಾತ್ರ.

ಎರಡು, ಹೀಗೆ ನಿಂತ ಎಳೆಗಳ ತುದಿಯನ್ನು ತುಟಿಗೆ ತಾಗಿಸಿ. ಸಣ್ಣ ಮುಳ್ಳಿನಂತೆ ಚುಚ್ಚಬೇಕು. ಮಗುವಿನ ಕೂದಲಿನಂತೆ ಸವರಿದರೆ ಬಿಡಿ.

ಮೂರು, ಗರಿಯನ್ನು ಬೆಳಕಿಗೆ ಹಿಡಿಯಿರಿ. ಕಡ್ಡಿಯ ಇಕ್ಕೆಲದಲ್ಲೂ ಬುಡದ ಕಡೆ ಮಸುಕಾದ, ಹೊಳಪಿಲ್ಲದ ಒಂದು ಪಟ್ಟಿ ಕಾಣುತ್ತದೆ. ನೀರು ಹಿಡಿಯುವ ಭಾಗ ಅದೇ. ಈ ಪಟ್ಟಿ ಕಿರಿದಾದಷ್ಟೂ ಗರಿ ಮೇಲು. ಕಟ್ಟುವಾಗ ಬುಡದ ಆ ಭಾಗವನ್ನು ಕಿತ್ತುಹಾಕಬೇಕು.

ನಾಲ್ಕು, ಕಡ್ಡಿಯನ್ನು ಬೆಂಕಿಕಡ್ಡಿಗೆ ಸುತ್ತಿ ನೋಡಿ. ಸೀಳದೆ, ಹೊರಳದೆ ಸುತ್ತಿಕೊಳ್ಳಬೇಕು. ಹಳೆಯದಾಗಿ ಒಣಗಿದ ಗರಿ ಮುರಿಯುವುದುಂಟು. ಬಿಸಿನೀರಿನ ಆವಿಗೆ ಸ್ವಲ್ಪ ಹೊತ್ತು ಹಿಡಿದರೆ ಅದು ಮತ್ತೆ ಮೆತ್ತಗಾಗುತ್ತದೆ.

ಐದು, ಎಳೆಯ ಉದ್ದ. ಕೊಕ್ಕೆಯ ಬಾಯಿಯ ಅಗಲಕ್ಕೆ ಒಂದೂವರೆ ಪಾಲಿನಿಂದ ಎರಡು ಪಾಲಿನವರೆಗೆ ಇರಬೇಕು. ಕೊರಳ ತೊಗಲಿನಲ್ಲಿ ತಲೆಯ ಹತ್ತಿರದ ಗರಿ ಸಣ್ಣದು, ಬೆನ್ನಿನ ಕಡೆಯದು ದೊಡ್ಡದು. ಆದ್ದರಿಂದ ಒಂದೇ ಹುಂಜದಿಂದ ಹಲವು ಅಳತೆಯ ಕೊಕ್ಕೆಗೆ ಗರಿ ಸಿಗುತ್ತದೆ.

ಯಾವ ಹುಂಜ, ಯಾವ ಕಾಲ? ಒಂದು ವರ್ಷ ತುಂಬದ ಎಳೆ ಹುಂಜದ ಗರಿ ಮೆತ್ತಗೆ. ವರ್ಷ ದಾಟಿ ಬಲಿತದ್ದೇ ಆಗಬೇಕು. ಆರೇಳು ವಾರಕ್ಕೇ ಕೊಯ್ಯುವ ಬ್ರಾಯ್ಲರ್ ಕೋಳಿಯ ಗರಿ ಈ ಕೆಲಸಕ್ಕೆ ಬಾರದು. ಹಗಲು ಕಿರಿದಾಗುತ್ತ ಬರುವ ತಿಂಗಳುಗಳಲ್ಲಿ ಕೋಳಿ ಹಳೆಯ ಗರಿ ಉದುರಿಸಿ ಹೊಸದು ಹೊರಡಿಸುತ್ತದೆ. ಹೊಸ ಗರಿಯ ಬುಡದಲ್ಲಿ ಇನ್ನೂ ರಕ್ತವಿದ್ದು ಸಿಪ್ಪೆ ಬಿಡದಿದ್ದರೆ ಅದು ಬಲಿತಿಲ್ಲವೆಂದೇ ಅರ್ಥ. ಪೂರ್ತಿ ಬೆಳೆದ ಮೇಲೆ, ಚಳಿಗಾಲದ ನಡುವಿನಲ್ಲಿ ಸಿಗುವ ಗರಿಯೇ ಶ್ರೇಷ್ಠ. ಜಾತಿಗಳಲ್ಲಿ, ಮೈಗೆ ಬಿಗಿಯಾಗಿ ಅಂಟಿದ ಗಡಸು ಗರಿಯ ನಾಟಿ ಹುಂಜ ಮೇಲು. ಇಂಗ್ಲೆಂಡಿನಲ್ಲೂ ಹಿಂದೆ ಅಂಕದ ಹುಂಜದ ಜಾತಿಯ ಗರಿಯನ್ನೇ ಹೆಚ್ಚಾಗಿ ಹುಡುಕುತ್ತಿದ್ದರು.

ಸ್ಪೇನ್ ದೇಶದ ಲೆಯೋನ್ ಸೀಮೆಯ ರೈತರು ಗರಿನೊಣಕ್ಕೆಂದೇ ಹುಂಜ ಸಾಕುವುದು ತಲೆತಲಾಂತರದಿಂದ ಬಂದ ಕಸುಬು. ಆ ಸೀಮೆಯ ಗರಿನೊಣಗಳ ವಿವರವುಳ್ಳ 1624ರ ಒಂದು ಹಸ್ತಪ್ರತಿ ಪ್ರಸಿದ್ಧವಾಗಿದೆ. ಅಲ್ಲಿ ಜೀವಂತ ಹುಂಜದಿಂದಲೇ ವರ್ಷದಲ್ಲಿ ಹಲವು ಬಾರಿ ಗರಿ ಕೀಳುವ ರೂಢಿಯುಂಟು. ನಾವು ಅದನ್ನು ಹೇಳಿಕೊಡುವುದಿಲ್ಲ. ಅದು ಪ್ರಾಣಿಗೆ ನೋವು. ಅಡಿಗೆಗೆಂದು ಹೇಗೂ ಕೊಯ್ಯುವ ಹುಂಜದ ಗರಿ ಸಾಕು. ಆದರೆ ರೋಗ ಬಂದು ಸತ್ತ ಕೋಳಿಯ ಗರಿಯನ್ನು ಎಂದಿಗೂ ಮುಟ್ಟಬೇಡಿ. ಹಕ್ಕಿಜ್ವರದ ಭಯವಿರುವ ಕಾಲ ಇದು.

ಹೇಂಟೆ, ಬಾತು, ಗಿನಿಕೋಳಿ

ತೇವನೊಣಕ್ಕೆ ಹೇಂಟೆಯ ಕೊರಳ, ಬೆನ್ನಿನ ಮೆತ್ತನೆಯ ಗರಿಗಳೇ ಸರಿ. ನೀರಿನೊಳಗೆ ಅವು ಉಸಿರಾಡುವಂತೆ ಅಲುಗುತ್ತವೆ. ಮೀನಿಗೆ ಜೀವವಿದ್ದಂತೆ ತೋರುವುದು ಆ ಅಲುಗಾಟದಿಂದ. ಸ್ಕಾಟ್ಲೆಂಡಿನ ಡಬ್ಲ್ಯು. ಸಿ. ಸ್ಟೂವರ್ಟ್ ಎಂಬವರು 1857ರ ತಮ್ಮ ಪುಸ್ತಕದಲ್ಲಿ ಇಂಥ ಮೆತ್ತನೆ ಗರಿಯ ಸರಳ ನೊಣಗಳನ್ನೇ ಮೆಚ್ಚಿ ಬರೆದಿದ್ದಾರೆ. ಚುಕ್ಕೆಚುಕ್ಕೆಯ ಕಂದು ಹೇಂಟೆ ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟು. ಅದರ ಒಂದು ಗರಿ, ಎರಡು ಗೇಣು ರೇಷ್ಮೆ ದಾರ, ಒಂದು ಕೊಕ್ಕೆ ಇಷ್ಟರಲ್ಲೇ ಒಂದು ನೊಣ ಮುಗಿಯುತ್ತದೆ. ಹೊಸಬರು ಇದರಿಂದಲೇ ಆರಂಭಿಸುವುದು ಮೇಲು.

ಬಾತುಕೋಳಿಯ ಬಾಲದ ಬುಡದಲ್ಲಿ ಎಣ್ಣೆಯ ಗ್ರಂಥಿ ಇರುತ್ತದೆ. ಅದರ ಸುತ್ತ ಬೆಳೆಯುವ ತುಪ್ಪಳದಂಥ ಪುಟ್ಟ ಗರಿಗಳನ್ನು ತೆಗೆದಿಡಿ. ಅವುಗಳ ನವುರಾದ ಎಳೆಗಳ ನಡುವೆ ಗಾಳಿ ನಿಲ್ಲುವುದರಿಂದ ಅವು ಬಹಳ ಚೆನ್ನಾಗಿ ತೇಲುತ್ತವೆ. ಸ್ವಿಟ್ಜರ್ಲೆಂಡಿನ ಜೂರಾ ಬೆಟ್ಟಗಳ ಕಡೆಯವರು 1920ರ ದಶಕದಲ್ಲೇ ಇವನ್ನು ಬಳಸಿದರು. ಇದು ಮೆತ್ತಗಿದ್ದೂ ತೇಲುವ ಗರಿ, ನಮ್ಮ ಮೊದಲ ಪಾಠಕ್ಕೆ ಒಂದು ಅಪವಾದ. ಇವಕ್ಕೆ ಜಿಡ್ಡು ಬಳಿಯಬಾರದು. ಬಳಿದರೆ ಎಳೆಗಳು ಅಂಟಿಕೊಂಡು ಗಾಳಿ ನಿಲ್ಲಲು ಎಡೆಯಿಲ್ಲದಂತಾಗುತ್ತದೆ.

ಬಾತಿನ ರೆಕ್ಕೆಯ ದೊಡ್ಡ ಗರಿಯಿಂದ ಕತ್ತರಿಸಿದ ಕಿರಿದಾದ ಪಟ್ಟಿಗಳು ನೊಣದ ರೆಕ್ಕೆಯಾಗುತ್ತವೆ. ಎಡರೆಕ್ಕೆಯಿಂದ ಒಂದು, ಬಲರೆಕ್ಕೆಯಿಂದ ಒಂದು ಎಂದು ಜೋಡಿ ಮಾಡಬೇಕು. ಎರಡೂ ಒಂದೇ ಕಡೆಯವಾದರೆ ನೊಣ ನೀರಿನಲ್ಲಿ ತಿರುಚಿಕೊಳ್ಳುತ್ತದೆ. ಗಿನಿಕೋಳಿಯ ಬಿಳಿಚುಕ್ಕೆಯ ಗರಿ ದೊಡ್ಡ ತೇವನೊಣದ ಕಾಲಿಗೂ ಗಂಟಲಿಗೂ ಒಪ್ಪುತ್ತದೆ.

ಉಣ್ಣೆ ಮತ್ತು ಕೂದಲು

ನೊಣದ ಹೊಟ್ಟೆ ಕಟ್ಟಲು ಉಣ್ಣೆ ಬೇಕು. ಒಂದು ಚಿಟಿಕೆ ಉಣ್ಣೆಯನ್ನು ಮೇಣ ಸವರಿದ ದಾರದ ಮೇಲೆ ಹೆಬ್ಬೆರಳು ತೋರುಬೆರಳುಗಳಿಂದ ಒಂದೇ ದಿಕ್ಕಿಗೆ ಹೊಸೆದರೆ ಅದು ದಾರಕ್ಕೆ ಅಂಟಿ ಹತ್ತಿಯ ಬತ್ತಿಯಂತಾಗುತ್ತದೆ. ಅದನ್ನು ಕೊಕ್ಕೆಗೆ ಸುತ್ತುತ್ತಾರೆ.

ಹೊಸೆಯಲು ನವುರಾದ ಉಣ್ಣೆಯೇ ಬೇಕು. ಸೊಲ್ಲಾಪುರ, ಜತ್ತ, ಆದವಾನಿ ಕಡೆಯ ದಖ್ಖನಿ ಕುರಿಯ ಉಣ್ಣೆ ಕಂಬಳಿಗೆ ಹೇಳಿ ಮಾಡಿಸಿದ್ದು, ಆದರೆ ಒರಟು. ಸಣ್ಣ ನೊಣಕ್ಕೆ ಅದು ಬಿಗಿಯಾಗಿ ಕೂರುವುದಿಲ್ಲ. ಅಲ್ಲಿಯ ವಾಚಕರು ಮರಿಯ ಮೊದಲ ಕತ್ತರಿಯ ಉಣ್ಣೆ ತೆಗೆದಿಟ್ಟುಕೊಂಡರೆ ಅದು ನವುರಾಗಿ ಒದಗುತ್ತದೆ. ಕರಿಯ ಉಣ್ಣೆಗೆ ಬಣ್ಣ ಹಾಕುವ ಕೆಲಸವೂ ಇಲ್ಲ. ಟ್ರೌಟ್ ತಿನ್ನುವ ಇರುವೆ, ಜೀರುಂಡೆಗಳಲ್ಲಿ ಬಹುಪಾಲು ಕಪ್ಪೇ ಅಲ್ಲವೇ? ನೀಲಗಿರಿ ಕುರಿಯ ಉಣ್ಣೆ ಸಹಜವಾಗಿಯೇ ನವುರಾದದ್ದು. ಸಾಂಡಿನಲ್ಲಾದ ಕುರಿ ತಳಿ ಸಂಶೋಧನಾ ಕೇಂದ್ರದಲ್ಲಿ ನೀಲಗಿರಿ ಕುರಿಗೆ ಮೆರಿನೋ ಕೂಡಿಸಿ ಬೆಳೆಸಿದ ಸಾಂಡಿನೋ ತಳಿಯದು ಇನ್ನೂ ಮೇಲು. ಸಾಕು ಮೊಲದ ತುಪ್ಪಳವೂ ಈ ಕೆಲಸಕ್ಕೆ ಉತ್ತಮ.

ತೊಳೆಯದ ಉಣ್ಣೆಯಲ್ಲಿ ಕುರಿಯ ಮೈಜಿಡ್ಡು ಇರುವುದರಿಂದ ಬೇಗ ನೆನೆಯದು. ಸೀಗೆಯಲ್ಲೋ ಸಾಬೂನಿನಲ್ಲೋ ತೊಳೆದದ್ದು ಬೇಗ ನೆನೆಯುತ್ತದೆ. ತೇಲುವುದಕ್ಕೆ ಮೊದಲನೆಯದು, ಮುಳುಗುವುದಕ್ಕೆ ಎರಡನೆಯದು.

ಕೂದಲಿನ ರೆಕ್ಕೆ ಬೇಕಾದವರು ಎಳೆಗರುವಿನ ಬಾಲದ ತುದಿಯಿಂದ ಕತ್ತರಿಯಲ್ಲಿ ಒಂದು ಚಿಟಿಕೆ ತೆಗೆದುಕೊಳ್ಳಬಹುದು. ಕರುವಿಗೆ ನೋವಿಲ್ಲ, ನಮಗೆ ಖರ್ಚಿಲ್ಲ. ತುಸು ಗುಂಗುರಾದ ಈ ಕೂದಲು ಕಡಿಮೆ ಎಳೆಯಲ್ಲೇ ತುಂಬಿ ಕಾಣುತ್ತದೆ. ದೊಡ್ಡ ಮೀನಿನ ದೊಡ್ಡ ನೊಣಕ್ಕೆ ಮೇಕೆಯ ಉದ್ದ ಕೂದಲು ಒಳ್ಳೆಯದು. ವಿದೇಶದ ಪುಸ್ತಕಗಳಲ್ಲಿ ಜಿಂಕೆಯ ಕೂದಲು ಎಂದು ಬರೆದಿರುತ್ತದೆ. ಒಳಗೆ ಟೊಳ್ಳಾಗಿರುವುದರಿಂದ ಅದು ತೇಲುತ್ತದೆ, ನಿಜ. ಆದರೆ ನಮ್ಮಲ್ಲಿ ಜಿಂಕೆ, ಕಡವೆಗಳ ಯಾವ ಭಾಗವನ್ನೂ ಇಟ್ಟುಕೊಳ್ಳುವಂತಿಲ್ಲ. ಅದರ ಬದಲು ಗೊಬ್ಬರದ ಚೀಲದ ಎಳೆಯನ್ನು ಸೂಜಿಯಿಂದ ಸೀಳಿ ನವುರಾಗಿ ಬಿಡಿಸಿದರೆ ತೇಲುವ ಬಿಳಿ ರೆಕ್ಕೆ ಸಿದ್ಧ.

ದಾರ, ಮೇಣ, ಜರಿ, ತಂತಿ

ಹತ್ತಿ ದಾರ ದಪ್ಪ. ನಾಲ್ಕು ಸುತ್ತಿಗೇ ನೊಣದ ತಲೆ ಗುಂಡುಕಲ್ಲಿನಂತಾಗುತ್ತದೆ. ರೇಷ್ಮೆಯಷ್ಟು ಸಣ್ಣಗೂ ಬಲವಾಗಿಯೂ ಇರುವ ದಾರ ಹಳಬರಿಗೆ ಬೇರೆ ಇರಲಿಲ್ಲ. ಹೊಸೂರು, ತಾಳವಾಡಿ, ಮಡಕಶಿರಾ ಕಡೆ ರೇಷ್ಮೆ ಬೆಳೆಯುವವರಿಗೆ ಇದನ್ನು ಹೇಳಬೇಕಾಗಿಲ್ಲ. ಈಗ ಸಣ್ಣ ಪಾಲಿಯೆಸ್ಟರ್ ಹೊಲಿಗೆ ದಾರವೂ ಸಿಗುತ್ತದೆ. ಅದು ಕೊಳೆಯದು. ಎರಡರಲ್ಲಿ ಯಾವುದಾದರೂ ಆಗಬಹುದು. ಎಳೆದು ನೋಡಿ. ಬೆರಳು ಕೊಯ್ಯುವ ಮುನ್ನ ತುಂಡಾದರೆ ಆ ದಾರ ಬೇಡ.

ದಾರಕ್ಕೆ ಜೇನುಮೇಣ ಸವರಬೇಕು. ಮೇಣವು ಸುತ್ತನ್ನು ಜಾರಗೊಡುವುದಿಲ್ಲ, ಉಣ್ಣೆಯನ್ನು ಹಿಡಿಯುತ್ತದೆ, ನೀರನ್ನು ತಡೆಯುತ್ತದೆ. ಚಳಿಯ ದಿನಗಳಲ್ಲಿ ಮೇಣ ಗಟ್ಟಿಯಾಗಿ ಪುಡಿಯಾಗುವುದುಂಟು. ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಂಡು ಸವರಿ.

ಹುಳುವಿನ ಹೊಟ್ಟೆಯ ಮೇಲಿನ ಗೆರೆಗಳಿಗೆ ಹಳೆಯ ಸೀರೆಯ ಜರಿ ಎಳೆ ಸಾಕು. ಕಪ್ಪಾಗಿದ್ದರೂ ಚಿಂತೆಯಿಲ್ಲ. ಹೊಳೆಯ ಹುಳು ಯಾವುದೂ ಮದುವೆಗೆ ಹೊರಟಿರುವುದಿಲ್ಲ. ಸುಟ್ಟುಹೋದ ಮೋಟಾರಿನ ಸುರುಳಿಯಿಂದ ಬಿಚ್ಚಿದ ಸಣ್ಣ ತಾಮ್ರದ ತಂತಿ ಇದಕ್ಕಿಂತ ಗಟ್ಟಿ, ಭಾರವೂ ಹೌದು. ಇಂಗ್ಲೆಂಡಿನಲ್ಲಿ ಏವನ್ ಹೊಳೆಯ ಕಾವಲುಗಾರರಾಗಿದ್ದ ಫ್ರಾಂಕ್ ಸಾಯರ್ ಎಂಬವರು ದಾರವನ್ನೇ ಬಿಟ್ಟು, ಬರಿಯ ತಾಮ್ರದ ತಂತಿ ಮತ್ತು ಒಂದು ಹಕ್ಕಿಯ ಬಾಲದ ನಾಲ್ಕಾರು ಎಳೆಗಳಿಂದ ಪ್ರಸಿದ್ಧವಾದ ಮುಳುಗುಹುಳು ಕಟ್ಟಿದರು. ತಂತಿಯೇ ದಾರ, ತಂತಿಯೇ ಭಾರ. ಅವರು ಬಳಸಿದ್ದು ಫೆಸೆಂಟ್ ಎಂಬ ಹಕ್ಕಿಯ ಗರಿ. ನಮಗೆ ಕಂದು ಬಣ್ಣದ ಹುಂಜದ ಇಲ್ಲವೆ ಟರ್ಕಿ ಕೋಳಿಯ ಬಾಲದ ಎಳೆ ಸಾಕು.

ಕೊಕ್ಕೆಯನ್ನು ಮಾತ್ರ ಅಂಗಡಿಯಿಂದಲೇ ತರಬೇಕು. ಅಂಕೆ ದೊಡ್ಡದಾದಷ್ಟೂ ಕೊಕ್ಕೆ ಚಿಕ್ಕದು. ಟ್ರೌಟಿಗೆ 10ರಿಂದ 14ರವರೆಗಿನವು ಸಾಮಾನ್ಯವಾಗಿ ಒದಗುತ್ತವೆ. ತೇಲುನೊಣಕ್ಕೆ ಸಣ್ಣ ತಂತಿಯದು, ಮುಳುಗುನೊಣಕ್ಕೆ ದಪ್ಪ ತಂತಿಯದು. ಮೊನೆಯನ್ನು ಉಗುರಿನ ಮೇಲೆ ಮೆಲ್ಲನೆ ಎಳೆದಾಗ ಜಾರದೆ ಗೀರಬೇಕು.

ಬಣ್ಣವನ್ನು ನೆನೆಸಿ ನೋಡಿ

ಒಣಗಿದಾಗ ಕಂಡ ಬಣ್ಣವನ್ನು ನಂಬಕೂಡದು. ರೇಷ್ಮೆ ನೆನೆದರೆ ಬಹಳ ಕಪ್ಪೇರುತ್ತದೆ. ಕಿತ್ತಳೆ ದಾರ ಕಂದಾಗುತ್ತದೆ, ಹಳದಿ ದಾರ ಹಸುರಿನ ಕಡೆ ತಿರುಗುತ್ತದೆ. ಮೇಲೆ ಹೇಳಿದ ಸಾಯರ್ ಅವರೇ ಇನ್ನೊಂದು ನೊಣಕ್ಕೆ ಚಾಡ್‌ವಿಕ್ 477 ಎಂಬ ಕಾಲುಚೀಲ ಹೊಲಿಯುವ ಉಣ್ಣೆಯ ನೂಲನ್ನೇ ಬಳಸುತ್ತಿದ್ದರು. ಒಣಗಿದಾಗ ಅದು ಮಂಕು ಬೂದು, ನೆನೆದಾಗ ನಸುಗೆಂಪು. ಮೀನು ನೋಡುವುದು ಆ ಎರಡನೆಯ ಬಣ್ಣವನ್ನು. ಆ ನೂಲು ತಯಾರಾಗುವುದು ನಿಂತ ಮೇಲೆ ಗಾಳದವರು ಮುದುಕಿಯರ ಹೊಲಿಗೆ ಬುಟ್ಟಿಗಳಲ್ಲೆಲ್ಲ ಅದನ್ನು ಹುಡುಕುತ್ತ ತಿರುಗಿದರು. ಬಿಳಿ ಗರಿಗೆ ಬಣ್ಣ ಬೇಕಾದರೆ ಈರುಳ್ಳಿ ಸಿಪ್ಪೆಯ ಕಷಾಯವೋ ಅರಿಶಿನವೋ ಸಾಕು. ಮೊದಲು ಸಾಬೂನಿನಲ್ಲಿ ತೊಳೆದು ಜಿಡ್ಡು ತೆಗೆಯಿರಿ, ಕಷಾಯವನ್ನು ಕುದಿಸದೆ ಬಿಸಿಯಾಗಿಡಿ. ಕುದಿದರೆ ಗರಿ ಸುರುಟಿಕೊಳ್ಳುತ್ತದೆ.

ಕಾಪಿಡುವುದು

ಕೊರಳ ತೊಗಲನ್ನು ಸುಲಿದ ಮೇಲೆ ಒಳಮೈಯ ಕೊಬ್ಬನ್ನೆಲ್ಲ ಕೆರೆದು, ಉಪ್ಪು ಸವರಿ, ಹಲಗೆಯ ಮೇಲೆ ಗರಿ ಕೆಳಗಾಗಿ ಹರಡಿ ನೆರಳಿನಲ್ಲಿ ಒಣಗಿಸಬೇಕು. ಕೊಬ್ಬು ಉಳಿದರೆ ಹುಳು ಬೀಳುತ್ತದೆ. ಬಿಡಿ ಗರಿಗಳನ್ನು ಅಂಟುವಾಳದ ನೀರಿನಲ್ಲಿ ತೊಳೆದು ಒಣಗಿಸಿ, ಅಳತೆಗೆ ತಕ್ಕಂತೆ ಬೇರೆ ಬೇರೆ ಕಾಗದದ ಲಕೋಟೆಗಳಲ್ಲಿಡಿ. ಹೊಸದಾಗಿ ತಂದದ್ದನ್ನು ಹದಿನೈದು ದಿನ ಬೇರೆಯೇ ಇಟ್ಟು ನುಸಿ ಇಲ್ಲವೆಂದು ಕಂಡ ಮೇಲೆ ಹಳೆಯದರ ಜತೆ ಸೇರಿಸಿ. ಒಂದು ಲಕೋಟೆಯ ನುಸಿ ಇಡೀ ಪೆಟ್ಟಿಗೆಯನ್ನು ತಿಂದು ಮುಗಿಸಬಲ್ಲದು.

ಕಾಡುಕೋಳಿಯ ಮಾತು

ಈಗ ವಾಚಕರ ಪ್ರಶ್ನೆಗೆ ಬರೋಣ. ಪಶ್ಚಿಮ ಘಟ್ಟದ ಬೂದುಬಣ್ಣದ ಕಾಡುಕೋಳಿ ಹುಂಜದ ಕೊರಳ ಗರಿಯ ತುದಿಯಲ್ಲಿ ಅರಗು ತೊಟ್ಟಿಕ್ಕಿದಂತೆ ಹೊಳೆಯುವ ಚುಕ್ಕೆಗಳಿವೆ. ಸೀಮೆಯ ಸಾಲ್ಮನ್ ಮೀನಿನ ಆಡಂಬರದ ನೊಣಗಳಿಗೆ ಅದನ್ನು ಕಣ್ಣಿನಂತೆ ಕಟ್ಟುವುದು ಹಳೆಯ ವಾಡಿಕೆ. ಈ ಆಸೆಗೆ ನಮ್ಮ ಕಾಡುಗಳ ಹಕ್ಕಿ ಬಹಳ ಬಲಿಯಾಯಿತು. 1902ರಲ್ಲೇ ಹಕ್ಕಿಗರಿಗಳ ರಫ್ತನ್ನು ಅಂದಿನ ಸರಕಾರ ತಡೆಯಬೇಕಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಈ ಹಕ್ಕಿಯನ್ನು ಕೊಲ್ಲುವುದೂ ಅದರ ಗರಿ ಮಾರುವುದೂ ಅಪರಾಧ. ಸಿಕ್ಕಿಬಿದ್ದರೆ ಜೈಲಿಗೆ ಹೋಗುವವನು ದುಡ್ಡು ತೋರಿಸಿದ ಹೊರಗಿನವನಲ್ಲ, ಉರುಲು ಒಡ್ಡಿದ ಊರಿನ ಹುಡುಗ.

ಗರಿಯ ಹುಚ್ಚು ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ಒಂದು ನಿದರ್ಶನ ಸಾಕು. 2009ರಲ್ಲಿ ಇಂಗ್ಲೆಂಡಿನ ಟ್ರಿಂಗ್ ಎಂಬಲ್ಲಿಯ ವಸ್ತುಸಂಗ್ರಹಾಲಯದಿಂದ ಒಬ್ಬ ವಿದ್ಯಾರ್ಥಿ 299 ಹಕ್ಕಿಗಳ ತೊಗಲುಗಳನ್ನು ಕದ್ದನು. ಅವುಗಳಲ್ಲಿ ಪ್ರಸಿದ್ಧ ವಿಜ್ಞಾನಿ ವಾಲೇಸ್ ಸಂಗ್ರಹಿಸಿದವೂ ಇದ್ದವು. ಕಳವು ಇಂಥ ಅಂದದ ನೊಣಗಳ ಗರಿಗಾಗಿಯೇ. ವಿಚಿತ್ರವೆಂದರೆ ಅಂಥ ನೊಣ ಕಟ್ಟುವವರಲ್ಲಿ ಅನೇಕರು ಅವನ್ನು ನೀರಿಗೇ ಬಿಡುವುದಿಲ್ಲ, ಗಾಜಿನ ಕಪಾಟಿನಲ್ಲಿಡುತ್ತಾರೆ. ನೀಲಗಿರಿಯ ಟ್ರೌಟಿಗೆ ಕಾಡುಕೋಳಿಯ ಕಣ್ಣು ಬೇಕೇ ಬೇಕೆಂಬುದೇನೂ ಇಲ್ಲ. ಬೇಕೆನ್ನುವವರು ಕರಿಯ ಕೋಳಿಗರಿಯ ಮೇಲೆ ಬಿಳಿ, ಹಳದಿ ಉಗುರುಬಣ್ಣದ ಚುಕ್ಕೆ ಇಟ್ಟುಕೊಳ್ಳಲಿ. ಗಿನಿಕೋಳಿಯ ಚುಕ್ಕೆಗರಿಯೂ ಇದೆ.

ಕಾಡುಕೋಳಿ ನಮ್ಮ ಕೋಳಿಗೆ ನೆಂಟ ಎಂಬುದೂ ತಿಳಿದಿರಲಿ. ಸಾಕುಕೋಳಿಯ ಹಳದಿ ಕಾಲಿನ ಗುಣ ಈ ಬೂದು ಕಾಡುಕೋಳಿಯಿಂದಲೇ ಬಂತೆಂದು 2008ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ನಮ್ಮ ಹಿತ್ತಲಿಗೆ ಆ ಹಕ್ಕಿ ತನ್ನ ಪಾಲನ್ನು ಆಗಲೇ ಕೊಟ್ಟಿದೆ.

ನವಿಲುಗರಿಯ ಬಗ್ಗೆಯೂ ಒಂದು ಮಾತು. ಬಾಲದ ಗರಿಯ ಕಂಚುಬಣ್ಣದ ಎಳೆ ನೊಣದ ಹೊಟ್ಟೆಗೆ ಬಹಳ ಒಳ್ಳೆಯದು. ತಾನಾಗಿ ಉದುರಿದ ಗರಿಯನ್ನು ಮಾತ್ರ ಬಳಸಿ. ಹೊರದೇಶಕ್ಕೆ ಕಳಿಸುವುದು ನಿಷಿದ್ಧ. ಗರಿಯ ಬುಡದಲ್ಲಿ ರಕ್ತದ ಗುರುತಿದ್ದರೆ ಅದು ಉದುರಿದ್ದಲ್ಲ, ಕಿತ್ತದ್ದು. ಅಂಥದನ್ನು ಯಾರು ಕೊಟ್ಟರೂ ಕೊಳ್ಳಬೇಡಿ.

ಇದರಿಂದ ಸಂಪಾದನೆ ಉಂಟೇ?

ಕೇಳುವವರಿಗೆ ನಿಜ ಹೇಳಬೇಕು. ಅಮೆರಿಕದಲ್ಲಿ ಹೆನ್ರಿ ಹಾಫ್‌ಮನ್ ಎಂಬವರು ಪಟ್ಟೆಗರಿಯ ಹುಂಜಗಳನ್ನು ಹಲವು ತಲೆಮಾರು ಆರಿಸಿ ಆರಿಸಿ ಬೆಳೆಸಿದರು. ಆ ತಳಿಯನ್ನು 1989ರಲ್ಲಿ ಟಾಮ್ ವೈಟಿಂಗ್ ಎಂಬವರು ಕೊಂಡು ಮುಂದುವರಿಸಿದರು. ಅಂಥ ಹುಂಜದ ಬೆನ್ನಿನ ಒಂದೇ ಉದ್ದ ಗರಿಯಿಂದ ಹಲವಾರು ನೊಣ ಕಟ್ಟಬಹುದು. ನಮ್ಮ ನಾಟಿ ಹುಂಜದ ಗರಿ ಆ ಪೇಟೆಯಲ್ಲಿ ಸ್ಪರ್ಧಿಸಲಾರದು. ಆದರೆ ಕೆನ್ಯಾ ದೇಶದಲ್ಲಿ ಗರಿನೊಣ ಕಟ್ಟುವ ಕೈಕೆಲಸವೇ ಎಷ್ಟೋ ಮನೆಗಳಿಗೆ ಆಧಾರವಾಗಿದೆ. ಬೆಲೆ ಬರುವುದು ಗರಿಗಿಂತ ಕೈಗೆ. ಆದ್ದರಿಂದ ಮೊದಲು ಕೈ ಪಳಗಲಿ. ನಿಮ್ಮ ಕೊಕ್ಕೆಗೆ ನೀವು ಕಟ್ಟಿದ ನೊಣದಿಂದ ಮೀನು ಬೀಳಲಿ. ಪೇಟೆಯ ಮಾತು ಆಮೇಲೆ.

ಕಡೆಯ ಮಾತು

ಕೋಳಿ ಕೊಯ್ಯುವ ದಿನ ಬಂದರೆ ಕೊರಳ ಗರಿ ತಿಪ್ಪೆಗೆ ಎಸೆಯಬೇಡಿ. ಬಗ್ಗಿಸಿ ನೋಡಿ, ತುಟಿಗೆ ತಾಗಿಸಿ ನೋಡಿ, ಬಟ್ಟಲು ನೀರಿಗೆ ಹಾಕಿ ನೋಡಿ. ತೇಲುವುದನ್ನು ಒಂದು ಲಕೋಟೆಯಲ್ಲಿ, ಮುಳುಗುವುದನ್ನು ಇನ್ನೊಂದರಲ್ಲಿ ಇಡಿ. ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ. ಗರಿನೊಣದ ಮಟ್ಟಿಗೆ ಆ ಗಾದೆ ಸುಳ್ಳು. ಮದ್ದು ಹಿತ್ತಲಲ್ಲೇ ಕೆದರುತ್ತ ಓಡಾಡುತ್ತಿದೆ. ಕಾಡಿನ ಹುಂಜ ಬೆಳಗಾಗ ಕೂಗುವುದಕ್ಕಾದರೂ ಕಾಡಿನಲ್ಲೇ ಇರಲಿ. ಪ್ರಶ್ನೆ ಕಳಿಸಿದ ವಾಚಕರು ಇದನ್ನು ತಮ್ಮ ಊರಿನ ಹುಡುಗರಿಗೆ ಓದಿ ಹೇಳುವರೆಂದು ನಂಬಿದ್ದೇವೆ.